ಒಬ್ಬ ಗ್ರಾಫಿಕ್ ಕಲಾವಿದರಿಗಾಗಿಯೇ ಒಂದು ಅರಮನೆ: ಹೇಗ್‌ನ ಎಶರ್ ಸಂಗ್ರಹಾಲಯ ನೋಡಲೇಬೇಕೆ?

ಪ್ರಶ್ನೆ (ರೇಖಾಸಕ್ತ)

ಮಾನ್ಯರೇ,

ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಎಂ. ಸಿ. ಎಶರ್ (1898–1972) ಅವರ ಕೃತಿಗಳಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯವೊಂದು 2002ರಿಂದ ನಡೆಯುತ್ತಿದೆ. ಲಾಂಗೆ ಫೋರ್‌ಹೌಟ್ ರಸ್ತೆಯಲ್ಲಿರುವ ಆ ಕಟ್ಟಡ ಒಂದು ಕಾಲಕ್ಕೆ ರಾಜಮಾತೆ ಎಮ್ಮಾ ಅವರ ಚಳಿಗಾಲದ ಅರಮನೆಯಾಗಿತ್ತು. ಪ್ರವಾಸದ ನಡುವೆ ಅದಕ್ಕೆ ಅರ್ಧ ದಿನ ಕೊಡಬೇಕೆ, ಬೇಡವೆ ಎಂದು ತೀರ್ಮಾನಿಸಲಾಗುತ್ತಿಲ್ಲ.

ನನ್ನ ಅನುಮಾನ ಇಷ್ಟು. ಎಣ್ಣೆಬಣ್ಣದ ಚಿತ್ರವಾದರೆ ಜಗತ್ತಿನಲ್ಲಿ ಅದೊಂದೇ ಇರುತ್ತದೆ, ಅದರೆದುರು ಹೋಗಿ ನಿಲ್ಲುವುದಕ್ಕೆ ಅರ್ಥವಿದೆ. ಎಶರ್ ಮಾಡಿದ್ದಾದರೋ ವುಡ್‌ಕಟ್ (ಮರದ ಅಚ್ಚಿನ ಚಿತ್ರ) ಮತ್ತು ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ)ಗಳನ್ನು, ಅಂದರೆ ಹತ್ತಾರು ಪ್ರತಿ ತೆಗೆಯಲೆಂದೇ ಹುಟ್ಟಿದ ಚಿತ್ರಗಳನ್ನು. ಒಂದನ್ನೊಂದು ಬರೆಯುವ ಕೈಗಳು, ತನ್ನ ಮೂಲಕ್ಕೇ ಹರಿದು ಸೇರುವ ಜಲಪಾತ ಮುಂತಾದವು ಪೋಸ್ಟರ್, ಮುಖಪುಟ, ಮೊಬೈಲ್ ಪರದೆಗಳಲ್ಲಿ ಕಂಡು ಕಂಡು ಕಣ್ಣಿಗೆ ಬಳಕೆಯಾಗಿಬಿಟ್ಟಿವೆ. ಕಪ್ಪುಬಿಳುಪಿನ ಇಂಥ ಚಿತ್ರ ಪರದೆಯ ಮೇಲೆ ಕಳೆದುಕೊಳ್ಳುವುದಾದರೂ ಏನನ್ನು? ಒಬ್ಬರದೇ ಕೃತಿಗಳನ್ನು ಕೋಣೆಯಿಂದ ಕೋಣೆಗೆ ನೋಡುತ್ತ ಹೋದರೆ ಒಂದೇ ಚಮತ್ಕಾರ ಮರುಕಳಿಸಿದಂತಾಗಿ ಬೇಸರ ಬರುವುದಿಲ್ಲವೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಸಿರೋಲರ್)

ನಾನು ಪ್ರಿಂಟ್‌ಮೇಕಿಂಗ್, ಅಂದರೆ ಅಚ್ಚಿನಿಂದ ಚಿತ್ರ ಮುದ್ರಿಸುವ ಕಲೆಯನ್ನು ಅಭ್ಯಾಸ ಮಾಡಿದವನಾದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತವಿದೆ ಎಂದುಕೊಂಡೇ ಓದಿ.

ಪರದೆಯಲ್ಲಿ ಮೊದಲು ಮಾಯವಾಗುವುದು ಅಳತೆ. ಪಾಪೆಯೊಳಗೆ ತಲೆಬುರುಡೆ ಪ್ರತಿಫಲಿಸುವ 1946ರ ‘ಕಣ್ಣು’ ಎಂಬ ಮೆಝೋಟಿಂಟ್ (ಲೋಹದ ತಗಡಿನಿಂದ ತೆಗೆದ ಪ್ರಿಂಟ್) ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಒಂದು ಆಕೃತಿ ಇನ್ನೊಂದಾಗಿ ಮಾರ್ಪಡುತ್ತ ಸಾಗುವ ‘ಮೆಟಮಾರ್ಫಸಿಸ್’ (ರೂಪಾಂತರ) ಎಂಬ ಮೂರು ಪಟ್ಟಿಚಿತ್ರಗಳಲ್ಲಿ 1939–40ರಲ್ಲಿ ಮಾಡಿದ ಎರಡನೆಯದು ಸುಮಾರು ನಾಲ್ಕು ಮೀಟರ್ ಉದ್ದವಿದ್ದು, ಎತ್ತರ ಇಪ್ಪತ್ತು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಮೊಬೈಲಿನಲ್ಲಿ ಇವೆರಡೂ ಒಂದೇ ಅಗಲಕ್ಕೆ ಬಂದು ಕೂರುತ್ತವೆ. ಮೊದಲನೆಯದಕ್ಕೆ ಮುಖ ಹತ್ತಿರ ಒಯ್ಯಬೇಕು, ಎರಡನೆಯದರ ಪಕ್ಕದಲ್ಲಿ ನಡೆಯಬೇಕು. ನೋಡುವವರ ದೇಹ ಹೀಗೆ ಬಗ್ಗುವುದು, ಸರಿಯುವುದು ಕೂಡ ಆ ಚಿತ್ರಗಳ ಲೆಕ್ಕಾಚಾರದಲ್ಲೇ ಸೇರಿದೆ ಎಂದು ನಾನು ತಿಳಿದಿದ್ದೇನೆ.

ಎರಡನೆಯದು ಕೆಲಸದ ಗುರುತು. 1969ರಲ್ಲಿ ಎಶರ್ ಮಾಡಿದ ಕೊನೆಯ ಪ್ರಿಂಟ್ ‘ಹಾವುಗಳು’. ಅದು ವೃತ್ತಾಕಾರದ ಚಿತ್ರ; ವೃತ್ತದ ಮೂರನೇ ಒಂದು ಭಾಗವನ್ನಷ್ಟೇ ಮರದಲ್ಲಿ ಕೆತ್ತಿ, ಅಚ್ಚನ್ನು ನಡುವಿನ ಮೊಳೆಯ ಸುತ್ತ ತಿರುಗಿಸುತ್ತ ಮೂರು ಬಾರಿ ಒತ್ತಿದ್ದಾರೆ. ಮೂರು ಬಣ್ಣಕ್ಕೆ ಮೂರು ಅಚ್ಚು, ಒಟ್ಟು ಒಂಬತ್ತು ಒತ್ತು. ತೀರ ಹತ್ತಿರದಿಂದ ನೋಡಿದರೆ ವೃತ್ತದ ನಟ್ಟನಡುವೆ ಆ ಮೊಳೆ ಊರಿದ ಚಿಕ್ಕ ಗುರುತು ಕಾಣುತ್ತದೆ. ಅಂಚಿನತ್ತ ಕಿರಿದಾಗುತ್ತ ಹೋಗುವ ಮೀನುಗಳಿರುವ 1959ರ ‘ಸರ್ಕಲ್ ಲಿಮಿಟ್ 3’ರಲ್ಲಿ ಐದು ಅಚ್ಚುಗಳನ್ನು ನಾಲ್ಕು ನಾಲ್ಕು ಬಾರಿ ತಿರುಗಿಸಿ ಒತ್ತಲಾಗಿದೆ, ಇಪ್ಪತ್ತು ಒತ್ತುಗಳಲ್ಲಿ ಒಂದು ಕೂದಲೆಳೆಯಷ್ಟು ಜರುಗಿದರೂ ಅಂಚಿನ ಪುಟಾಣಿ ಮೀನುಗಳು ಕಲಸಿಹೋಗುತ್ತಿದ್ದವು. ನುಣುಪಾದ ಡಿಜಿಟಲ್ ಚಿತ್ರದಲ್ಲಿ ಇದು ಗಣಿತದ ಫಲವೆಂದು ಮಾತ್ರ ತೋರುತ್ತದೆ, ಕಾಗದದ ಮೇಲೆ ಕೈಯ ಕೆಲಸವೆಂದೂ ತಿಳಿಯುತ್ತದೆ.

ಹಲವು ಪ್ರತಿಗಳ ವಿಷಯಕ್ಕೆ ಬಂದರೆ, 1938ರ ‘ಹಗಲು ಮತ್ತು ರಾತ್ರಿ’ಯನ್ನು ಎಶರ್ 600ಕ್ಕೂ ಹೆಚ್ಚು ಬಾರಿ ಮುದ್ರಿಸಿದರು. ಕಾಗದದ ಬೆನ್ನನ್ನು ಮೂಳೆಯ ಚಿಕ್ಕ ಚಮಚದಿಂದ ಉಜ್ಜಿ ಪ್ರತಿಗಳನ್ನು ತೆಗೆಯುವುದು ಅವರ ಕ್ರಮವಾಗಿತ್ತು. ಹಾಗೆ ತೆಗೆದ ಪ್ರತಿಯನ್ನು ಮೂಲ ಕೃತಿ ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಉತ್ತರ (ಹಳೆಕಾಗದ)

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ತಕರಾರು ಎತ್ತುತ್ತೇನೆ. ಆ ಗುರುತುಗಳು ಕಾಣಬೇಕಾದರೆ ಗೋಡೆಯ ಮೇಲಿರುವುದು ಮೂಲ ಪ್ರಿಂಟ್ ಆಗಿರಬೇಕಲ್ಲವೆ? ಅಲ್ಲಿ ಪ್ರದರ್ಶನಕ್ಕಿಟ್ಟಿದ್ದ ಹಲವು ಕೃತಿಗಳು ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲುಗಳೆಂಬುದು 2015ರಲ್ಲಿ ಬಹಿರಂಗವಾಗಿ ಸಾಕಷ್ಟು ಚರ್ಚೆ ನಡೆಯಿತು. ನಕಲು ಇಡುವುದನ್ನೇ ನಾನು ಆಕ್ಷೇಪಿಸುವುದಿಲ್ಲ, ನಕಲೆಂದು ಬರೆಯದೆ ಇಡುವುದನ್ನು ಆಕ್ಷೇಪಿಸುತ್ತೇನೆ. ಆದ್ದರಿಂದ ಪ್ರತಿ ಕೃತಿಯ ಪಕ್ಕದ ಚೀಟಿಯನ್ನು ಓದಿ, ಸಂಶಯವಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಟಿಕೆಟ್ ಕೊಂಡವರಿಗೆ ಆ ಹಕ್ಕಿದೆ.

ನಕಲಿನ ಹಿಂದಿರುವ ಕಾರಣವನ್ನೂ ಹೇಳಬೇಕು. ಬೆಳಕು ಕಾಗದಕ್ಕೆ ಮಾಡುವ ಹಾನಿ ಕೂಡುತ್ತಲೇ ಹೋಗುತ್ತದೆ, ಕತ್ತಲೆಯಲ್ಲಿಟ್ಟ ಮಾತ್ರಕ್ಕೆ ಹಿಂದಿನದು ಸರಿಹೋಗುವುದಿಲ್ಲ. ಅದಕ್ಕೇ ಕಾಗದದ ಕೃತಿಗಳನ್ನು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಕೆಲವು ತಿಂಗಳು ತೋರಿಸಿ, ಬಳಿಕ ಪೆಟ್ಟಿಗೆಗೆ ಸೇರಿಸುವುದು ರೂಢಿ. ಬೇರೆ ಸಂಗ್ರಹಾಲಯಗಳು ಅಂಥ ಹೊತ್ತಿನಲ್ಲಿ ಇನ್ನೊಬ್ಬ ಕಲಾವಿದರ ಕೃತಿಗಳನ್ನು ಗೋಡೆಗೆ ತರಬಹುದು. ಒಬ್ಬರದೇ ಮನೆಯಾದಾಗ ಆ ಅನುಕೂಲವಿಲ್ಲ, ಬಂದವರೆಲ್ಲ ಅದೇ ಪ್ರಸಿದ್ಧ ಚಿತ್ರಗಳನ್ನು ಕೇಳುತ್ತಾರೆ. ಎಶರ್ ಕೃತಿಗಳು ಹೇಗ್‌ನ ಕುನ್ಸ್ಟ್‌ಮ್ಯೂಸಿಯಂ ಸಂಗ್ರಹಕ್ಕೆ ಸೇರಿದವಾದ್ದರಿಂದ ಬೆನ್ನಿಗೆ ದೊಡ್ಡ ಸಂಸ್ಥೆಯೊಂದಿದೆ ಎಂಬುದೇ ಸಮಾಧಾನ.

ಕಟ್ಟಡದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಕೋಣೆಗಳಲ್ಲಿ ಹಾನ್ಸ್ ಫಾನ್ ಬೆಂಟೆಮ್ ಎಂಬ ಕಲಾವಿದರು ಮಾಡಿದ ಗಾಜಿನ ತೂಗುದೀಪಗಳು ತಲೆಬುರುಡೆ, ಜೇಡ, ಶಾರ್ಕ್ ಮೀನುಗಳ ಆಕಾರದಲ್ಲಿ ಇಳಿಬಿದ್ದಿವೆ. ನೃತ್ಯಶಾಲೆಯಲ್ಲಿ ನಕ್ಷತ್ರದಾಕಾರದ ದೀಪ ಎದುರುಬದುರು ಕನ್ನಡಿಗಳಲ್ಲಿ ಕೊನೆಯಿಲ್ಲದೆ ಮರುಕಳಿಸುವುದು ಸೊಗಸೇ, ಅನುಮಾನವಿಲ್ಲ. ಆದರೆ ಸಣ್ಣ ಗೆರೆಯ ಕೃತಿಯ ಪಕ್ಕದಲ್ಲಿ ಅಷ್ಟು ವೈಭವ ಮದುವೆ ಮನೆಯ ವಾದ್ಯದ ನಡುವೆ ಗುಟ್ಟು ಹೇಳಿದಂತಾಗುತ್ತದೆ.

ಉತ್ತರ (ದಕ್ಷಿಣದ ಕರಾವಳಿ)

ಒಂದೇ ಚಮತ್ಕಾರ ಮರುಕಳಿಸುತ್ತದೆ ಎಂಬ ಮೂಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾವು ಬಲ್ಲ ಎಶರ್ ಹೆಚ್ಚುಕಡಿಮೆ 1937ರ ನಂತರದವರು. ಅದಕ್ಕೂ ಹಿಂದೆ, 1923ರಿಂದ 1935ರವರೆಗೆ ರೋಮ್‌ನಲ್ಲಿ ನೆಲೆಸಿದ್ದ ಅವರು ದಕ್ಷಿಣ ಇಟಲಿಯ ಬೆಟ್ಟದೂರುಗಳನ್ನು ಸುತ್ತಿ ಅಲ್ಲಿನ ಭೂದೃಶ್ಯಗಳನ್ನು ಪ್ರಿಂಟ್ ಮಾಡುತ್ತಿದ್ದರು. ಕಡಿದಾದ ಬಂಡೆಯಂಚಿನಿಂದ ಕಣಿವೆಯನ್ನು ಇಣುಕಿ ನೋಡುವ 1930ರ ‘ಕಾಸ್ಟ್ರೋವಾಲ್ವಾ’ದಲ್ಲಿ ಅಸಾಧ್ಯವಾದದ್ದು ಒಂದೂ ಇಲ್ಲ, ಆದರೂ ನೋಡುವವರ ಕಾಲ ಕೆಳಗಿನ ನೆಲ ಜಾರಿದಂತಾಗುತ್ತದೆ. ಎತ್ತರ ಮತ್ತು ಆಳಗಳ ಆಟವನ್ನು ಅವರು ಕಲಿತದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ನೇರ ಸಾಕ್ಷಿಯೂ ಇದೆ. ಅಮಾಲ್ಫಿ ತೀರದ ಅಟ್ರಾನಿ ಎಂಬ ಊರನ್ನು ಅವರು 1931ರಲ್ಲಿ ಲಿಥೋಗ್ರಾಫ್ ಮಾಡಿದರು. ಅದೇ ಊರು 1937ರ ಮೊದಲ ‘ಮೆಟಮಾರ್ಫಸಿಸ್’ನಲ್ಲಿ ಮನೆಗಳಿಂದ ಘನಾಕೃತಿಗಳಾಗಿ ಬದಲಾಗುತ್ತದೆ, ಎರಡನೆಯದರಲ್ಲಿ ಮರಳಿ ಬಂದು ಚದುರಂಗದ ಹಲಗೆಯತ್ತ ಸಾಗುತ್ತದೆ, 1967–68ರ ಮೂರನೆಯದರಲ್ಲೂ ಇದೆ. ಈ ಮೂರನೆಯದು ಸುಮಾರು ಏಳು ಮೀಟರ್ ಉದ್ದವಿದ್ದು, ಆದಿ ಅಂತ್ಯಗಳು ಒಂದೇ ಆಗಿರುವುದರಿಂದ ಅದನ್ನು ಸಂಗ್ರಹಾಲಯದಲ್ಲಿ ವೃತ್ತಾಕಾರವಾಗಿ ಜೋಡಿಸಿದ್ದಾರೆ. ಇಟಲಿಯ ಲಿಥೋಗ್ರಾಫ್ ಮತ್ತು ಈ ಸುತ್ತು ಪಟ್ಟಿ ಒಂದೇ ಸೂರಿನಡಿ ಸಿಗುವುದು ಇಂಥ ಏಕವ್ಯಕ್ತಿ ಸಂಗ್ರಹಾಲಯದಲ್ಲಿ ಮಾತ್ರ. ಮಿಶ್ರ ಸಂಗ್ರಹವಿರುವ ಕಡೆ ಪ್ರಸಿದ್ಧವಾದ ಎರಡನ್ನು ತೂಗುಹಾಕಿ ಮುಗಿಸುತ್ತಾರೆ, ಅಟ್ರಾನಿಯನ್ನು ಯಾರೂ ಹೊರತೆಗೆಯುವುದಿಲ್ಲ.

ಹಾರ್ಲೆಮ್‌ನಲ್ಲಿ ಅವರಿಗೆ ಗ್ರಾಫಿಕ್ ಕಲೆ ಕಲಿಸಿದ ಸಾಮ್ಯುಯೆಲ್ ಜೆಸ್ಸುರುನ್ ದೆ ಮೆಸ್ಕಿಟಾ ಅವರ ಹೆಸರನ್ನೂ ನೆನಪಿಟ್ಟುಕೊಂಡು ಹೋಗಿ. 1944ರಲ್ಲಿ ನಾಜಿಗಳು ಅವರನ್ನು ಹಿಡಿದೊಯ್ದು ಆಶ್ವಿಟ್ಜ್‌ನಲ್ಲಿ ಕೊಂದರು. ಮನೆಯಲ್ಲಿ ಉಳಿದಿದ್ದ ಗುರುವಿನ ಕೃತಿಗಳನ್ನು ಕಾಪಾಡಿದವರಲ್ಲಿ ಎಶರ್ ಒಬ್ಬರು.

ಮರುಪ್ರಶ್ನೆ (ರೇಖಾಸಕ್ತ)

ಎಲ್ಲರಿಗೂ ಕೃತಜ್ಞತೆಗಳು, ಹೋಗುವುದೆಂದು ನಿರ್ಧರಿಸಿದ್ದೇನೆ. ಚೀಟಿ ನೋಡದೆಯೇ ವುಡ್‌ಕಟ್ ಯಾವುದು, ಲಿಥೋಗ್ರಾಫ್ ಯಾವುದು ಎಂದು ಗುರುತಿಸುವುದು ಹೇಗೆ?

ಉತ್ತರ (ಮಸಿರೋಲರ್)

ಬೂದು ಬಣ್ಣವನ್ನು ಗಮನಿಸಿ. ಲಿಥೋಗ್ರಾಫ್‌ನಲ್ಲಿ ಕಲಾವಿದರು ಜಿಡ್ಡಿನ ಬಳಪದಿಂದ ಕಲ್ಲಿನ ಮೇಲೆ ನೇರವಾಗಿ ಬರೆಯುವುದರಿಂದ ಪೆನ್ಸಿಲ್ ಚಿತ್ರದಂತೆ ತರಿತರಿಯಾದ, ಮೆಲ್ಲಗೆ ಗಾಢವಾಗುವ ಛಾಯೆ ಸಿಗುತ್ತದೆ. 1953ರ ‘ರಿಲೇಟಿವಿಟಿ’ಯ ಮೆಟ್ಟಿಲುಗಳ ನೆರಳು ಹಾಗಿದೆ. ಮರದ ಅಚ್ಚಿನಲ್ಲಿ ಮಸಿ ಹತ್ತುವ ಜಾಗ, ಹತ್ತದ ಜಾಗ ಎಂಬ ಎರಡೇ ಇರುತ್ತವೆ. ಬೂದು ಬೇಕೆಂದರೆ ಗೆರೆಗಳನ್ನು ಒತ್ತೊತ್ತಾಗಿ ಕೆತ್ತಬೇಕು, ಇಲ್ಲವೆ ಇನ್ನೊಂದು ಅಚ್ಚು ಮಾಡಬೇಕು. ‘ಹಗಲು ಮತ್ತು ರಾತ್ರಿ’ಯ ಬೂದು ಹೀಗೆ ಪ್ರತ್ಯೇಕ ಅಚ್ಚಿನಿಂದ ಬಂದದ್ದು.

ಮೇಲಿನ ಮಹಡಿಯಲ್ಲಿ ದೃಷ್ಟಿಭ್ರಮೆಯ ಆಟಗಳಿವೆ, ಮಕ್ಕಳಿದ್ದರೆ ಅಲ್ಲೇ ಹೊತ್ತು ಹೋಗಿಬಿಡುತ್ತದೆ. ಪ್ರಿಂಟ್‌ಗಳನ್ನು ಮೊದಲು ನೋಡಿ ಮುಗಿಸಿ. ಸಾಮಾನ್ಯವಾಗಿ ಸೋಮವಾರ ರಜೆ ಇರುತ್ತದೆ, ಹೊರಡುವ ಮುನ್ನ ಅವರ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ.