ಎರಡು ಎಚ್ ಪಕ್ಕಪಕ್ಕ ಬರುವ ಉದ್ದ ಇಂಗ್ಲಿಷ್ ಪದಗಳು

ಪ್ರಶ್ನೆ: ಇಂಗ್ಲಿಷ್ ಪದಬಂಧಕ್ಕೆ ಜೋಡಿ ಎಚ್ ಇರುವ, 10 ಅಕ್ಷರ ಮೀರಿದ ಪದಗಳು ಬೇಕು. ವಿತ್‌ಹೋಲ್ಡಿಂಗ್ ಬಿಟ್ಟು ಇನ್ನೇನಿದೆ?

ಉತ್ತರ: ಈ ಜೋಡಿ ಸಾಮಾನ್ಯವಾಗಿ ಎರಡು ಪದಗಳ ಬೆಸುಗೆಯಲ್ಲೇ ಸಿಗುತ್ತದೆ. ಮೊದಲನೆಯದು ಸಿಎಚ್, ಎಸ್‌ಎಚ್, ಟಿಎಚ್ ಅಥವಾ ಜಿಎಚ್‌ನಲ್ಲಿ ಮುಗಿದು, ಮುಂದಿನದು ಎಚ್‌ನಿಂದ ಶುರುವಾಗಬೇಕು. ಹಿಚ್‌ಹೈಕಿಂಗ್ 11 ಅಕ್ಷರ, ರಫ್‌ಹೌಸಿಂಗ್ 12. ಹೈಹ್ಯಾಂಡೆಡ್‌ನೆಸ್ 14 ಆಗುತ್ತದೆ, ಆದರೆ ಹೈ ಆದಮೇಲೆ ಅಡ್ಡಗೆರೆ ಹಾಕುವ ನಿಘಂಟುಗಳೂ ಇವೆ. ನೀವು ಅನುಸರಿಸುವ ನಿಘಂಟು ನೋಡಿಯೇ ಹಾಕಿ.

ಉತ್ತರ: ಥ್ರೆಶೋಲ್ಡ್ ಮಾತ್ರ ಸೇರಿಸಬೇಡಿ. ಹೋಲ್ಡ್ ಎಂದು ಕಿವಿಗೆ ಕೇಳಿಸುವುದರಿಂದ ಎರಡು ಎಚ್ ಬರೆಯುವವರು ಬಹಳ. ಎಸ್ ಆದಮೇಲೆ ಇರುವುದು ಒಂದೇ.

ಉತ್ತರ: ಪದಗುಚ್ಛವೂ ಆಗಬಹುದಾದರೆ ಇಂಗ್ಲಿಷ್ ಹಾರ್ನ್ ಎಂಬ ವಾದ್ಯವಿದೆ. ಚೌಕಗಳಲ್ಲಿ ಜಾಗ ಬಿಡುವುದಿಲ್ಲವಲ್ಲ, 11 ಅಕ್ಷರ ಸರಿಯಾಗಿ ಕೂರುತ್ತದೆ. ಕಂಪ್ಯೂಟರ್‌ನಲ್ಲಿ ಲಿನಕ್ಸ್ ಇದ್ದರೆ ಪದಪಟ್ಟಿಯ ಕಡತದಲ್ಲಿ ಗ್ರೆಪ್ ಎಂಬ ಹುಡುಕಾಟದ ಆಜ್ಞೆಯಿಂದ ಎಚ್‌ಎಚ್ ಹುಡುಕಿ, ಉದ್ದದ ಪ್ರಕಾರ ಜೋಡಿಸಿಕೊಳ್ಳಿ.