ಉಡಕ್ಕೆ ಹೆದರಿ ಬಕವನ್ನು ಎತ್ತಿಕೊಳ್ಳಬೇಡಿ

ಮಗಳೇ, ಹಿತ್ತಲಿನ ಹುಲ್ಲಿನ ಮೆದೆಗೆ ಉಡ ಬಂದಿದೆ, ಅಲ್ಲೇ ತೆಂಗಿನ ಬುಡದಲ್ಲಿ ರೆಕ್ಕೆ ಮುರಿದ ಬಕ ಕುಳಿತಿದೆ, ಮಕ್ಕಳಿರುವ ಮನೆಯಲ್ಲಿ ಏನು ಮಾಡಲಿ ಎಂದು ಕೇಳಿದ್ದೀಯ. ನೀವೆಲ್ಲ ಉಡಕ್ಕೆ ಹೆದರುತ್ತೀರಿ, ನನಗೆ ಭಯವಿರುವುದು ಬಕದ ಬಗ್ಗೆ. ಅದರ ಹತ್ತಿರ ಯಾರೂ ಮುಖ ಬಗ್ಗಿಸಬೇಡಿ.

ನನ್ನ ಎಡಗಣ್ಣಿನ ಕೆಳಗಿನ ಕಲೆಯನ್ನು ನೀವೆಲ್ಲ ನೋಡಿದ್ದೀರಿ. ಮದುವೆಯಾಗಿ ಬಂದ ಮರುವರ್ಷ, ಕೆರೆಯ ಕೋಡಿಯಲ್ಲಿ ಬಲೆಗೆ ಸಿಕ್ಕಿದ್ದ ಬೂದು ಬಕವನ್ನು ಬಿಡಿಸಿ, ಕೂಸಿನಂತೆ ಎದೆಗೊತ್ತಿಕೊಂಡು ಮನೆಗೆ ತರುತ್ತಿದ್ದೆ. ಅದು ಕತ್ತು ಮಡಿಸಿಕೊಂಡು ಅಲುಗಾಡದೆ ಇದ್ದುದರಿಂದ ನನ್ನನ್ನು ನಂಬಿದೆ ಎಂದುಕೊಂಡೆ. ಮೀನಿಗೆ ಹೊಂಚು ಹಾಕುವಾಗಲೂ ಬಕ ಹಾಗೆಯೇ ನಿಂತಿರುತ್ತದೆ. ಕತ್ತಿನ ಆರನೆಯ ಮೂಳೆ ನೀಳವಾಗಿರುವುದರಿಂದ ಅಲ್ಲಿ ಮಡಿಚಿಕೊಂಡ ಕತ್ತು ಬಿಟ್ಟ ಬಾಣದಂತೆ ಚಿಮ್ಮುತ್ತದೆ. ಆ ಪೆಟ್ಟು ನನ್ನ ಕಣ್ಣಿನಿಂದ ಒಂದು ಬೆರಳು ಕೆಳಗೆ ಬಿತ್ತು.

ಅದೇ ಕೋಡಿಯ ಕಲ್ಲುಸಂದಿಯಲ್ಲಿ ನಾಲ್ಕಡಿ ಉದ್ದದ ಉಡವೊಂದಿತ್ತು. ಹೆಜ್ಜೆಯ ಸದ್ದಾದರೆ ಸಾಕು, ಸಂದಿ ಸೇರುತ್ತಿತ್ತು. ಅದು ಸೀಳುನಾಲಿಗೆ ಚಾಚುವುದು ವಾಸನೆ ಹಿಡಿಯುವುದಕ್ಕೆ, ವಿಷ ಉಗುಳುವುದಕ್ಕಲ್ಲ. ಮೂಲೆಗೆ ಒತ್ತಿದರೆ ಬಾಲದಿಂದ ಬಾರಿಸುತ್ತದೆ, ಕಚ್ಚುತ್ತದೆ. ದಾರಿ ಬಿಟ್ಟರೆ ಹೊರಟುಹೋಗುತ್ತದೆ. ರೆಕ್ಕೆ ಮುರಿದ ಬಕಕ್ಕೆ ಹೋಗಲು ದಾರಿಯೇ ಇಲ್ಲ, ಆದ್ದರಿಂದಲೇ ಅದು ಕುಕ್ಕುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಅದರ ಹತ್ತಿರ ಮುಖ ಬಗ್ಗಿಸಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ.

ಆ ಉಡವನ್ನು ಕೀಲುನೋವಿನ ಎಣ್ಣೆಗೆಂದು ನಮ್ಮವರೇ ಹೊಡೆದರು. ಬೇಡವೆಂದಾಗ, ನಿನ್ನೆ ಬಂದ ಸೊಸೆಗೇನು ಗೊತ್ತು ಎಂದರು. ಎಣ್ಣೆಯಿಂದ ಯಾರ ಮೊಣಕಾಲೂ ನೆಟ್ಟಗಾಗಲಿಲ್ಲ. ಅತ್ತ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದಲ್ಲಿ ಗೂಡು ಕಟ್ಟುವ ಬಕದಂಥ ನೀರುಹಕ್ಕಿಗಳನ್ನು ಬಾಣಂತನಕ್ಕೆ ಬಂದ ಮಗಳಂತೆ ಕಾಣುತ್ತಾರೆ. ಬಕವೂ ಉಡವೂ ಅದೇ ಕಪ್ಪೆ, ಏಡಿ, ಇಲಿಗಳನ್ನು ತಿಂದು ಬದುಕುವಂಥವು. ಒಂದಕ್ಕೆ ಮರ್ಯಾದೆ, ಇನ್ನೊಂದಕ್ಕೆ ದೊಣ್ಣೆ ಏಕೆ ಎಂಬ ನೋವು ನನಗೆ ಇಂದಿಗೂ ಹೋಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡವಿದೆ, ಕೊಂದರೆ ಜೈಲು ಎಂದು ನಿನ್ನ ಮೈದುನನಿಗೆ ಹೇಳು.

ಮುಖ್ಯವಾದದ್ದನ್ನೇ ಮರೆತಿದ್ದೆ. ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡು. ಅವರು ಬರುವವರೆಗೆ, ದೊಡ್ಡವರೊಬ್ಬರು ಹಿಂದಿನಿಂದ ಹೋಗಿ ದಪ್ಪ ಕಂಬಳಿಯನ್ನು ಬಕದ ಮೇಲೆ ಹಾಕಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲೆ ಕೋಣೆಯಲ್ಲಿಡಲಿ. ಬಾಯಿಗೆ ನೀರು ಹುಯ್ಯಬೇಡಿ. ನಾಯಿಯನ್ನು ಕಟ್ಟಿಹಾಕಿ, ಕೋಳಿಗೂಡಿನ ಬಾಗಿಲು ಮುಚ್ಚಿ, ಬೇಲಿಯ ಕಡೆಗೆ ಉಡಕ್ಕೆ ದಾರಿ ಬಿಟ್ಟು ಎಲ್ಲರೂ ಒಳಗಿರಿ.