ಸಿಬ್ಬಂದಿ ಕೂಟಕ್ಕೆ ಕೈಯಲ್ಲಿ ಆಡುವ ಪಜಲ್ ಯಾವುದು ಒಳ್ಳೇದು?

ಪ್ರಶ್ನೆ, ಚಿತ್ರದುರ್ಗದಿಂದ:

ನಮ್ಮದೊಂದು ಸಹಕಾರ ಸಂಘ. ಹಿರಿಯೂರು, ಚಳ್ಳಕೆರೆ, ಹೊಸದುರ್ಗ ಶಾಖೆಯವರೂ ಸೇರಿ 35 ಜನ ಮುಂದಿನ ತಿಂಗಳು ದುರ್ಗದಲ್ಲಿ ಒಂದು ದಿನ ಕೂಡ್ತಿದೀವಿ. ಫೋನಲ್ಲಿ ದಿನಾ ಮಾತಾಡ್ತೀವಿ, ಮುಖ ನೋಡಿದವರು ಕಮ್ಮಿ. ತಿಂಡಿ ಆದ ಮೇಲೆ ಅರ್ಧ ಗಂಟೆ, ಸಂಕೋಚ ಬಿಡಿಸೋಕೆ ಕೈಯಲ್ಲಿ ಮಾಡುವಂಥ ಪಜಲ್ ಇಡೋಣ ಅಂತಿದೀನಿ. ಅಟೆಂಡರಿಂದ ಮ್ಯಾನೇಜರ್‌ವರೆಗೂ ಇರ್ತಾರೆ, ವಯಸ್ಸು 22ರಿಂದ 58. ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ, ದಾವಣಗೆರೆಯಿಂದ:

ಮೇಡಂ, ನಾನು ಇಲ್ಲಿ ಬಟ್ಟೆ ಗೋಡೌನ್ ಒಂದರ ಆಫೀಸಲ್ಲಿದೀನಿ. ಆರು ವರ್ಷದಿಂದ ನಮ್ಮ ಕೂಟದ ಜವಾಬ್ದಾರಿ ನಂದು. ಒಬ್ಬರೇ ಕೂತು ಬಿಡಿಸಬಹುದಾದ ಪಜಲ್ ಮಾತ್ರ ತರಬೇಡಿ. ತುಂಡುಗಳು ಎಲ್ಲರ ಕೈಗೂ ಹಂಚಿಹೋಗಬೇಕು, ಪಕ್ಕದವರನ್ನ ಕೇಳದೆ ಮುಂದಕ್ಕೆ ಹೋಗೋಕೇ ಆಗಬಾರದು.

ಮೊದಲ ವರ್ಷ ನಾನು ರೂಬಿಕ್ ಕ್ಯೂಬ್ ಇಟ್ಟಿದ್ದೆ. ಹಂಗೆರಿಯ ಎರ್ನೋ ರೂಬಿಕ್ 1974ರಲ್ಲಿ ಮಾಡಿದ್ದು ಅದು. ಎಷ್ಟೇ ಕಲಸಿದ್ರೂ 20 ತಿರುವಿನೊಳಗೆ ಸರಿಮಾಡಬಹುದು ಅಂತ 2010ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದಾರೆ. ನನಗೆ ಚಿಕ್ಕಂದಿನಿಂದ ಅದರ ಮೇಲೆ ಪ್ರೀತಿ. ಆದರೆ ಕಲಿತವರಿಗೆ ಅದು ನಿಮಿಷದ ಕೆಲಸ, ಕಲಿಯದವರಿಗೆ ದಿನವಿಡೀ ತಿರುಗಿಸಿದ್ರೂ ಕೂಡಲ್ಲ. ಹೊಸದಾಗಿ ಸೇರಿದ ಹುಡುಗ ಚಕಚಕ ಮುಗಿಸಿದ, ಎಲ್ಲ ಚಪ್ಪಾಳೆ ತಟ್ಟಿದ್ರು, ಉಳಿದವರು ಕ್ಯೂಬ್ ಕೆಳಗಿಟ್ಟು ಮೊಬೈಲ್ ತೆಗೆದ್ರು. ಅಕೌಂಟ್ಸ್‌ನ ಹಿರಿಯರೊಬ್ಬರು "ಇದು ಹುಡುಗರದು ಬಿಡ್ರಿ" ಅಂತ ಎದ್ದುಹೋದರು. ಅದು ನನಗೆ ಇವತ್ತಿಗೂ ಬೇಜಾರು.

ಚೆನ್ನಾಗಿ ನಡೆದದ್ದು ಟ್ಯಾನ್‌ಗ್ರಾಮ್. ಒಂದು ಚೌಕವನ್ನ ಏಳು ತುಂಡು ಮಾಡಿರ್ತಾರೆ: ದೊಡ್ಡ ತ್ರಿಕೋನ ಎರಡು, ಮಧ್ಯಮ ಒಂದು, ಸಣ್ಣವು ಎರಡು, ಪುಟ್ಟ ಚೌಕ ಒಂದು, ಓರೆಯಾಗಿರೋ ಸಮಾಂತರ ಚತುರ್ಭುಜ ಒಂದು. ನಿಮ್ಮ 35 ಜನಕ್ಕೆ ಏಳೇಳು ಮಂದಿಯ ಐದು ಗುಂಪು ಸರಿಯಾಗುತ್ತೆ. ಒಬ್ಬೊಬ್ಬರಿಗೆ ಒಂದೊಂದು ತುಂಡು, ಎಲ್ಲ ಸೇರಿ ಮತ್ತೆ ಆ ಚೌಕ ಕೂಡಿಸಬೇಕು. ಬೇರೆಯವರ ತುಂಡು ಮುಟ್ಟೋ ಹಾಗಿಲ್ಲ, ಬಾಯಲ್ಲಿ ಹೇಳಬಹುದು ಅಷ್ಟೇ. ಇದೊಂದು ನಿಯಮದಿಂದಲೇ ಮಾತು ಶುರುವಾಗೋದು.

ನಮ್ಮಲ್ಲಿ ಒಂದು ಟೇಬಲ್‌ನಲ್ಲಿ ಆರು ತುಂಡು ಕೂತಿದ್ವು, ಓರೆ ತುಂಡು ಮಾತ್ರ ಒಳಗೆ ಹೋಗ್ತಿರಲಿಲ್ಲ. ಅದನ್ನ ಹಿಡಿದಿದ್ದ ಬಿಲ್ಲಿಂಗ್ ಹುಡುಗಿ ಸುತ್ತಲೂ ತಿರುಗಿಸಿ ತಿರುಗಿಸಿ ಇಡ್ತಾಳೆ, ಒಂದು ಮೂಲೆ ಹೊರಗೇ ಉಳಿಯುತ್ತೆ. ಪಕ್ಕದ ಗುಂಪಿನಲ್ಲಿದ್ದ ನಮ್ಮ ಟೆಂಪೋ ಡ್ರೈವರ್ ಕತ್ತು ಚಾಚಿ ನೋಡಿ, "ತಂಗೀ, ಸುತ್ತ ತಿರುಗಿಸಬ್ಯಾಡ, ರೊಟ್ಟಿ ಮಗುಚಿದಂಗೆ ಮಗುಚು" ಅಂದರು. ಮಗುಚಿದಳು, ಕೂತಿತು. ಏಳರಲ್ಲಿ ಮಗುಚಿದ್ರೆ ಬೇರೆಯಾಗೋದು ಅದೊಂದೇ ತುಂಡು. ಉಳಿದವು ಹೇಗೆ ಹಾಕಿದ್ರೂ ಅವೇ. ಅವರಿಬ್ಬರೂ ಎರಡು ವರ್ಷ ಒಂದೇ ಗೇಟಲ್ಲಿ ಓಡಾಡಿದವರು, ಅಲ್ಲೀವರೆಗೆ ಮಾತೇ ಆಡಿರಲಿಲ್ಲವಂತೆ.

ಅಂಗಡಿಯಿಂದ ತರೋದೇನೂ ಬೇಡ. ದಪ್ಪ ರಟ್ಟಿನಲ್ಲಿ ಒಂದಡಿ ಚೌಕ ಕತ್ತರಿಸಿ. ಎರಡೂ ಕಡೆ ಒಂದೇ ಬಣ್ಣ ಇರಲಿ, ಒಂದು ಕಡೆ ಬಿಳಿ ಇದ್ದರೆ ಅದು ಹಿಂಬದಿ ಅಂದ್ಕೊಂಡು ಯಾರೂ ಮಗುಚಲ್ಲ. ಹತ್ತು ನಿಮಿಷ ಆದ್ರೂ ಕೂಡದಿದ್ರೆ ಒಂದು ಸುಳಿವು ಕೊಡಿ: ದೊಡ್ಡ ತ್ರಿಕೋನ ಎರಡೂ ಸೇರಿದ್ರೆ ಅರ್ಧ ಚೌಕ ತುಂಬುತ್ತೆ.

ಜಿಗ್ಸಾ ಕೂಡ ಒಳ್ಳೇದೇ, ಆದರೆ ಚಿತ್ರ ನೋಡಿ ಆರಿಸಿ. ನಿಮ್ಮ ದುರ್ಗದ ಕೋಟೆ ಫೋಟೋನೇ ಪ್ರಿಂಟ್ ಹಾಕಿಸಿ 48 ತುಂಡು ಮಾಡಿಸಿದ್ದೆ. ನೋಡೋಕೆ ಬಲು ಚೆಂದ. ತುಂಡು ಮಾಡಿದ ಮೇಲೆ ಬಂಡೆ, ಗೋಡೆ, ಬತೇರಿ ಎಲ್ಲಾ ಒಂದೇ ಬೂದುಬಣ್ಣ! ಅರ್ಧ ಗಂಟೆಯಲ್ಲಿ ಅಂಚು ಮಾತ್ರ ಕೂಡಿತ್ತು. ಮರುವರ್ಷ ತರಕಾರಿ ಮಾರ್ಕೆಟ್ ಫೋಟೋ ಹಾಕಿದೆ. ಟೊಮೆಟೊ ನಂದು, ಬದನೆಕಾಯಿ ನಿಂದು ಅಂತ ಹಂಚಿಕೊಂಡು ಇಪ್ಪತ್ತು ನಿಮಿಷಕ್ಕೆ ಮುಗಿಸಿದ್ರು. ಪ್ರತಿ ಟೇಬಲ್‌ನ ನಾಲ್ಕು ತುಂಡು ಬೇರೆ ಟೇಬಲ್‌ಗೆ ಮೊದಲೇ ಸೇರಿಸಿಡಿ, ಹೇಳಬೇಡಿ. ಹುಡುಕಿಕೊಂಡು ತಾವಾಗೇ ಎದ್ದು ಹೋಗ್ತಾರೆ.

ನಿಮಗೆ ಅಂತ ನನಗೆ ಇನ್ನೊಂದು ತೋಚುತ್ತೆ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಇಂಥದ್ದನ್ನ ಮಾಡಿದ್ದು ಭೂಪಟ ಕತ್ತರಿಸಿ, ಮಕ್ಕಳಿಗೆ ಭೂಗೋಳ ಕಲಿಸೋಕೆ. ನೀವೂ ಚಿತ್ರದುರ್ಗ ಜಿಲ್ಲೆಯ ನಕ್ಷೆ ಕತ್ತರಿಸಿ. ಆರು ತಾಲ್ಲೂಕು, ಮೊಳಕಾಲ್ಮೂರು, ಹೊಳಲ್ಕೆರೆ ಬಿಡದೆ. ಹಿರಿಯೂರಿನವರ ಕೈಗೆ ಚಳ್ಳಕೆರೆ ತುಂಡು ಕೊಡಿ.

ತಂತಿ ಬಿಡಿಸೋ ಪಜಲ್ ಬೇಡ, ಅದು ಒಂದೇ ಜೊತೆ ಕೈಯದು. ಎಲ್ಲರೂ ಕೈ ಕೈ ಹೆಣೆದುಕೊಂಡು ಬಿಡಿಸೋ ಆಟವೂ ಬೇಡ. ನಮ್ಮಲ್ಲಿ ಹೆಣ್ಣುಮಕ್ಕಳು ಮುಜುಗರ ಪಟ್ಟರು, ನಿಲ್ಲಿಸಿದೆ.

ಉತ್ತರ, ಹೊಳಲ್ಕೆರೆಯಿಂದ:

ಮೇಲಿನ ಸರ್ ಹೇಳಿದ್ದು ನಿಜ. ನಾವು ಮಾಡಿಸಿದ್ದು ಹನೋಯ್ ಗೋಪುರ. ಮರದ ಸೆಟ್ ಇಲ್ಲದಿದ್ರೆ ಮನೆಯ ಸ್ಟೀಲ್ ಡಬ್ಬಿ ಮುಚ್ಚಳ ಸಾಕು, ದೊಡ್ಡದರಿಂದ ಚಿಕ್ಕದು ನಾಲ್ಕು, ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಮೂರು ವೃತ್ತ. ಒಂದು ಸಲಕ್ಕೆ ಒಂದೇ ಮುಚ್ಚಳ, ಚಿಕ್ಕದರ ಮೇಲೆ ದೊಡ್ಡದು ಇಡಬಾರದು, ಮೊದಲನೇ ವೃತ್ತದಿಂದ ಮೂರನೇದಕ್ಕೆ ಎಲ್ಲವೂ ಹೋಗಬೇಕು. ನಾಲ್ಕಕ್ಕೆ ಕನಿಷ್ಠ 15 ನಡೆ. ಐದು ಜನ ಸಾಲಾಗಿ ನಿಂತು ಒಬ್ಬರಿಗೊಂದು ನಡೆ ಅಂದ್ರೆ ತಪ್ಪಿಲ್ಲದೆ ನಡೆದರೆ ತಲಾ ಮೂರು ಸಲ. ಮೊದಲು ಮೂರೇ ಮುಚ್ಚಳದಲ್ಲಿ ಆಡಿಸಿ, ಅದು 7 ನಡೆಗೆ ಮುಗಿಯುತ್ತೆ, ಧೈರ್ಯ ಬರುತ್ತೆ.

ಆಡು ಹುಲಿ ಆಟವೂ ಚೆನ್ನ. ಮೂರು ಹುಲಿ, ಹದಿನೈದು ಆಡು. ಹುಣಸೆ ಬೀಜ, ಕಲ್ಲು ಇದ್ರೆ ಆಯ್ತು. ಅದು ಪಜಲ್ ಅಲ್ಲ, ಆಟ. ಆದರೆ ಆಡಿನ ಕಡೆ ನಾಲ್ಕು ಜನರನ್ನ ಕೂರಿಸಿದ್ರೆ ಒಂದೊಂದು ಆಡು ಎಲ್ಲಿಡೋದು ಅಂತ ಅವರು ಮಾತಾಡಲೇಬೇಕು. ಐವತ್ತು ದಾಟಿದವರಿಗೆ ಇದು ಮೊದಲೇ ಗೊತ್ತಿರುತ್ತೆ, ಹುಡುಗರು ಅವರ ಹತ್ರ ಕಲೀತಾರೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟ್ಯಾನ್‌ಗ್ರಾಮ್ ಮತ್ತು ಜಿಲ್ಲೆಯ ನಕ್ಷೆ ಮಾಡಿಸ್ತೀನಿ. ಒಂದೇ ಚಿಂತೆ, ನಮ್ಮ ಮ್ಯಾನೇಜರ್ ಸರ್ ಯಾವ ಗುಂಪಲ್ಲಿದ್ರೂ ಅವರು ಹೇಳಿದ್ದೇ ಆಗುತ್ತೆ, ಮಿಕ್ಕವರು ಬಾಯಿ ಬಿಡಲ್ಲ. ಅವರನ್ನ ಹೊರಗೆ ಕೂರಿಸಿದ್ರೂ ಚೆನ್ನಾಗಿರಲ್ಲ.

ದಾವಣಗೆರೆಯಿಂದ:

ಹೊರಗೆ ಕೂರಿಸಬೇಡಿ ಮೇಡಂ. ಹಿಂದಿನ ದಿನವೇ ಅವರ ಹತ್ರ ಹೋಗಿ ವಿಷಯ ಹೇಳಿ, ಈ ಅರ್ಧ ಗಂಟೆ ಅವರು ಮಾತಾಡಬಾರದು ಅಂತ ಕೇಳಿಕೊಳ್ಳಿ. ನಮ್ಮ ಯಜಮಾನರು ಸಂತೋಷವಾಗಿ ಒಪ್ಪಿದ್ರು. ಆಮೇಲೆ ಆ ಓರೆ ತುಂಡನ್ನ ಅವರ ಕೈಗೇ ಕೊಡಿ. ಅದು ಎಲ್ಲಿ ಕೂರುತ್ತೆ ಅಂತ ಉಳಿದ ಆರು ಜನ ಅವರಿಗೆ ಹೇಳಿಕೊಡ್ತಾರೆ.